ಎಕ್ಸಾಸ್ಟ್ ಫ್ಯಾನಿಗೆ ಲೈನ್ ಎಳೆದದ್ದು, ಫ್ಯೂಸ್ ಹಾಕಿದ್ದು

ತುಮಕೂರು ಬಳಿಯ ಕ್ಯಾತ್ಸಂದ್ರದ ಹಳೇ ಚಪ್ಪಡಿ ಮನೆಯ ಅಡುಗೆಮನೆಗೆ 9 ಇಂಚಿನದು, ಬಚ್ಚಲಿಗೆ 6 ಇಂಚಿನದು, ಹೀಗೆ ಎರಡು ಎಕ್ಸಾಸ್ಟ್ ಫ್ಯಾನ್ ಕೂರಿಸಿದೆ. ಲೈಟಿನ ಲೈನಿಗೆ ಪಿಂಗಾಣಿಯ ಕಿಟ್‌ಕ್ಯಾಟ್ ಫ್ಯೂಸ್ ಇತ್ತು. ಅದರೊಳಗೆ ಫ್ಯೂಸ್ ವೈರಿನ ಬದಲು ಮಾಮೂಲಿ ವೈರಿನ ನಾಲ್ಕೈದು ಎಳೆ ಹೊಸೆದು ಸುತ್ತಿದ್ದರು. ಮೊದಲು ಕಿತ್ತದ್ದು ಅದನ್ನೇ. ತವರ ಬಳಿದ, 35 ಗೇಜ್ ದಪ್ಪದ ತಾಮ್ರದ ಒಂದೇ ಎಳೆ 5 ಆಂಪಿಯರಿಗೆ ಸರಿ, ಸುಮಾರು 8 ಆಂಪಿಯರ್ ಹರಿದರೆ ಕರಗುತ್ತದೆ. ಎಳೆ ನಾಲ್ಕಾದರೆ ಫ್ಯೂಸ್ ಕರಗುವ ಮೊದಲು ಗೋಡೆಯೊಳಗಿನ ವೈರೇ ಸುಡುತ್ತದೆ. ಕಿಟ್‌ಕ್ಯಾಟಿನ ಜಾಗಕ್ಕೆ 6 ಆಂಪಿಯರ್ ಎಂಸಿಬಿ (ಕರೆಂಟ್ ಮಿತಿಮೀರಿದರೆ ತಾನೇ ಆಫ್ ಆಗುವ ಸ್ವಿಚ್), ಅದರ ಹಿಂದೆ 30 ಮಿಲಿಆಂಪಿಯರಿನ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನೇ ಆಫ್ ಆಗುವ ಸ್ವಿಚ್) ಹಾಕಿದೆ.

ಕೆಲಸಕ್ಕೆ ಕೈ ಹಾಕುವ ಮೊದಲು ಮೇನ್ ಸ್ವಿಚ್ ಜೊತೆ ಯುಪಿಎಸ್ಸನ್ನೂ ಆಫ್ ಮಾಡಬೇಕು. ಬೆಸ್ಕಾಂ ಕರೆಂಟ್ ಇಲ್ಲದಿದ್ದರೂ ಯುಪಿಎಸ್ ಲೈನಿನಲ್ಲಿ 230 ವೋಲ್ಟ್ ಇರುತ್ತದೆ. ಟೆಸ್ಟರನ್ನು ಮೊದಲು ಕರೆಂಟ್ ಇರುವ ಕಡೆ ಇಟ್ಟು, ಅದು ಹೊತ್ತಿಕೊಳ್ಳುತ್ತದೆಯೇ ನೋಡಿ, ಆಮೇಲೇ ಅದನ್ನು ನಂಬುವುದು.

ಬೋರ್ಡಿನಿಂದ ಫ್ಯಾನಿನವರೆಗೆ 1 ಚದರ ಮಿಲಿಮೀಟರ್ ತಾಮ್ರದ ವೈರ್ ಧಾರಾಳ ಸಾಕು: ಕೆಂಪು ಫೇಸ್ (ಕರೆಂಟ್ ಬರುವ ವೈರ್), ಕಪ್ಪು ನ್ಯೂಟ್ರಲ್ (ಅದು ವಾಪಸು ಹೋಗುವ ವೈರ್), ಹಸಿರು ಅರ್ಥ್ (ಬಾಡಿಗೆ ಸೋರಿದ ಕರೆಂಟನ್ನು ನೆಲಕ್ಕೆ ಒಯ್ಯುವ ವೈರ್). ಸ್ವಿಚ್ ಫೇಸಿನಲ್ಲೇ ಇರಬೇಕು. ನ್ಯೂಟ್ರಲ್ಲಿಗೆ ಸ್ವಿಚ್ ಕೊಟ್ಟರೂ ಫ್ಯಾನ್ ತಿರುಗುತ್ತದೆ, ಆದರೆ ಆಫ್ ಮಾಡಿ ರೆಕ್ಕೆ ತೊಳೆಯಲು ಹೋದವರಿಗೆ ಶಾಕ್ ಹೊಡೆಯಬಹುದು. ಕಬ್ಬಿಣದ ಬಾಡಿಯ ಫ್ಯಾನಿಗೆ ಅರ್ಥ್ ಬಿಡುವಂತೆಯೇ ಇಲ್ಲ. ಬಚ್ಚಲಿನ ಪ್ಲಾಸ್ಟಿಕ್ ಫ್ಯಾನಿಗೆ ಅರ್ಥ್ ಸ್ಕ್ರೂ ಇರಲಿಲ್ಲ, ಹಸಿರು ವೈರಿನ ತುದಿಗೆ ಕನೆಕ್ಟರ್ ಹಾಕಿ ಮುಚ್ಚಿಟ್ಟೆ. ಬಚ್ಚಲಿನ ಸ್ವಿಚ್ ಬಾಗಿಲಿನ ಹೊರಗೆ. ಫ್ಯಾನಿನ ಹತ್ತಿರ ವೈರನ್ನು ಒಂದು ಗೇಣು ಕೆಳಕ್ಕೆ ಇಳಿಸಿ ಮೇಲಕ್ಕೆ ತಿರುಗಿಸಿದೆ. ಮಳೆನೀರು ವೈರ್ ಹಿಡಿದು ಬಂದರೂ ಆ ಬಾಗಿನಲ್ಲೇ ತೊಟ್ಟಿಕ್ಕಿ ಹೋಗುತ್ತದೆ, ಟರ್ಮಿನಲ್ ಮುಟ್ಟುವುದಿಲ್ಲ.

ಹೆಚ್ಚು ಜನ ಎಡವುವುದು ನ್ಯೂಟ್ರಲ್ ವಿಷಯದಲ್ಲಿ. ಹತ್ತಿರದ ಬೋರ್ಡಿನಲ್ಲಿ ಸಿಕ್ಕಿತೆಂದು ಫೇಸನ್ನು ಒಂದು ಲೈನಿನಿಂದ, ನ್ಯೂಟ್ರಲನ್ನು ಇನ್ನೊಂದರಿಂದ ಎಳೆಯುತ್ತಾರೆ. ಹೋದ ಕರೆಂಟ್ ಅದೇ ಆರ್‌ಸಿಸಿಬಿಯ ಮೂಲಕ ವಾಪಸು ಬರದಿದ್ದರೆ ಅದನ್ನು ಸೋರಿಕೆಯೆಂದೇ ಎಣಿಸಿ ಆರ್‌ಸಿಸಿಬಿ ಬೀಳುತ್ತದೆ, ಅಂದರೆ ಆಫ್ ಆಗುತ್ತದೆ. ಆಗ ದೋಷವೇ ಇಲ್ಲದ ಫ್ಯಾನನ್ನು ಬದಲಾಯಿಸುತ್ತಾರೆ, ಇಲ್ಲವೇ ಆರ್‌ಸಿಸಿಬಿಯನ್ನೇ ಕಿತ್ತುಹಾಕುತ್ತಾರೆ. ಎರಡನೆಯದಂತೂ ಜೀವಕ್ಕೇ ಅಪಾಯ.

ಇನ್ನು ಫ್ಯೂಸ್. 9 ಇಂಚಿನ ಫ್ಯಾನ್ 40 ವ್ಯಾಟ್, ಅಂದರೆ ಎಳೆಯುವುದು 0.2 ಆಂಪಿಯರಿನ ಆಸುಪಾಸು. ವೈರನ್ನು ಬಾಯೊಳಗೆ ಹಿಡಿದು ಕರೆಂಟ್ ಅಳೆಯುವ ಕ್ಲ್ಯಾಂಪ್ ಮೀಟರಿಗೆ ಇಷ್ಟು ಸಣ್ಣ ಕರೆಂಟ್ ಸರಿಯಾಗಿ ಸಿಗುವುದಿಲ್ಲ. ಫೇಸ್ ವೈರನ್ನು ಮೀಟರಿನ ಬಾಯಿಗೆ ಹತ್ತು ಸುತ್ತು ಸುತ್ತಿ, ಬಂದ ಅಂಕಿಯನ್ನು ಹತ್ತರಿಂದ ಭಾಗಿಸಿದೆ. ರೆಕ್ಕೆ ತಿರುಗದಂತೆ ತಡೆದು ಅಳೆದಾಗಲೂ ಅರ್ಧ ಆಂಪಿಯರ್ ಮುಟ್ಟಲಿಲ್ಲ. ಜಿಡ್ಡು ಹಿಡಿದು ನಿಂತ ಫ್ಯಾನ್ ಒಳಗೊಳಗೇ ಬೇಯುತ್ತಿದ್ದರೂ 6 ಆಂಪಿಯರ್ ಎಂಸಿಬಿಗೆ ಅದು ಗೊತ್ತೇ ಆಗುವುದಿಲ್ಲ ಎಂದಾಯಿತು. ಎಂಸಿಬಿ ಕಾಯುವುದು ವೈರನ್ನು, ಫ್ಯಾನನ್ನಲ್ಲ.

ಹಾಗಾಗಿ ಸ್ವಿಚ್ಚಿನ ನಂತರ ಫೇಸಿನಲ್ಲಿ 1 ಆಂಪಿಯರಿನ, ನಿಧಾನವಾಗಿ ಕರಗುವ ಜಾತಿಯ ಸಣ್ಣ ಫ್ಯೂಸನ್ನು ಹೋಲ್ಡರಿನಲ್ಲಿ ಹಾಕಿದೆ. ಗಾಜಿನದು ಬೇಡ. ಜೋರು ಶಾರ್ಟ್ ಆದರೆ ಗಾಜು ಸಿಡಿದು ಕಿಡಿ ಮುಂದುವರಿಯಬಹುದು. ಮರಳು ತುಂಬಿದ ಪಿಂಗಾಣಿಯದು ಅದನ್ನು ಒಳಗೇ ಆರಿಸುತ್ತದೆ. ಆದರೂ ಇದು ಕರಗುವುದು ಕಾಯಿಲ್ ಶಾರ್ಟ್ ಆದಾಗ ಮಾತ್ರ. ನಿಂತ ಫ್ಯಾನನ್ನು ಉಳಿಸುವುದು ಕಾಯಿಲಿನೊಳಗೆ ಹುದುಗಿಸಿರುವ, ಬಿಸಿ ಮಿತಿಮೀರಿದರೆ ಕಡಿಯುವ ಥರ್ಮಲ್ ಫ್ಯೂಸ್. ಕೊಳ್ಳುವಾಗ ಅದು ಇದೆಯೇ ಎಂದು ಕೇಳಿಯೇ ಕೊಳ್ಳಿ. ರಿವೈಂಡಿಂಗ್ ಮಾಡಿಸಿದರೆ, ಅಂದರೆ ಕಾಯಿಲನ್ನು ಹೊಸದಾಗಿ ಸುತ್ತಿಸಿದರೆ, ಅದನ್ನು ಮತ್ತೆ ಹಾಕಿಸಿ; ಎಷ್ಟೋ ಸಲ ಅದನ್ನು ಬಿಟ್ಟು ನೇರ ಜೋಡಿಸಿಬಿಡುತ್ತಾರೆ.

ಗ್ಯಾಸ್ ಸೋರಿದ ವಾಸನೆ ಬಂದಾಗ ಅದನ್ನು ಹೊರಕ್ಕೆ ಎಳೆಯಲೆಂದು ಈ ಫ್ಯಾನ್ ಹಾಕಲೇಬಾರದು. ಸ್ವಿಚ್ಚಿನ ಕಿಡಿಯೊಂದೇ ಸಾಕು ಹೊತ್ತಿಕೊಳ್ಳಲು. ಅಲ್ಲದೆ ಎಲ್‌ಪಿಜಿ ಗಾಳಿಗಿಂತ ಭಾರ, ನೆಲ ಹಿಡಿದು ನಿಲ್ಲುತ್ತದೆ, ಫ್ಯಾನ್ ಇರುವುದು ಸೂರಿನ ಹತ್ತಿರ. ರೆಗ್ಯುಲೇಟರ್ ಮುಚ್ಚಿ ಕಿಟಕಿ ಬಾಗಿಲು ತೆರೆಯುವುದೇ ದಾರಿ.

ಫ್ಯಾನ್ ಗುಂಯ್ ಎನ್ನುತ್ತಾ ತಿರುಗದೆ ನಿಂತು, ಸ್ವಿಚ್ ಆಫ್ ಮಾಡಿ ಕೈಯಿಂದ ತಿರುಗಿಸಿದಾಗ ರೆಕ್ಕೆ ಸರಾಗವಾಗಿದ್ದರೆ, ಹೆಚ್ಚಾಗಿ ಅದನ್ನು ತಿರುಗಿಸಲು ನೆರವಾಗುವ ಕೆಪಾಸಿಟರ್ ಸೋತಿರುತ್ತದೆ; ಅದರ ಮೇಲಿರುವಷ್ಟೇ ಮೈಕ್ರೋಫ್ಯಾರಡಿನದು ಹಾಕಬೇಕು. ರೆಕ್ಕೆ ಬಿಗಿಯಾಗಿದ್ದರೆ ಬುಷ್ಷಿನಲ್ಲಿ (ರೆಕ್ಕೆಯ ದಂಡ ತಿರುಗುವ ಬಳೆ) ಜಿಡ್ಡು. ಒಗ್ಗರಣೆ ಹೊಗೆಯ ಅಡುಗೆಮನೆಯಲ್ಲಿ ಎರಡು ತಿಂಗಳಿಗೊಮ್ಮೆ ಎಂಸಿಬಿ ಇಳಿಸಿ, ರೆಕ್ಕೆ ಬಿಚ್ಚಿ ಬಿಸಿನೀರು ಸೋಪಿನಲ್ಲಿ ತೊಳೆದು, ಬುಷ್ಷಿಗೆ ಹೊಲಿಗೆ ಮೆಷಿನ್ನಿನ ಎಣ್ಣೆ ಎರಡೇ ತೊಟ್ಟು ಬಿಡುತ್ತೇನೆ. ತೆಂಗಿನ ಸೀಮೆಯಾದ್ದರಿಂದ ಕೈಗೆ ಸಿಗುವುದು ಕೊಬ್ಬರಿ ಎಣ್ಣೆಯೇ, ಆದರೆ ಅದು ಚಳಿಗೆ ಹೆಪ್ಪುಗಟ್ಟುತ್ತದೆ, ಹಳತಾದ ಮೇಲೆ ಅಂಟಾಗಿ ಬುಷ್ಷನ್ನೇ ಹಿಡಿಯುತ್ತದೆ.