ಕಲಿತ ಕನ್ನಡದಲ್ಲಿ ಆನ್‌ಲೈನ್ ಸೇವೆ: ತೃಪ್ತಿ ಸಿಗುವಂತೆ ಮಾಡುವುದು ಹೇಗೆ

ಕರ್ನಾಟಕದ ಕ್ರೈಸ್ತ ಸಭೆಗಳಲ್ಲಿ ಮನೆಮಾತು ಕನ್ನಡವಲ್ಲದ ವಿಶ್ವಾಸಿಗಳು ಬಹಳ ಮಂದಿ ಇದ್ದಾರೆ. ಮಂಗಳೂರು ಕಡೆ ತುಳು, ಕೊಂಕಣಿ ಆಡುವವರು, ಬೆಂಗಳೂರು ಮತ್ತು ಕೋಲಾರ ಚಿನ್ನದ ಗಣಿಯ ತಮಿಳರು, ಊರೂರಿಗೂ ಬಂದು ನೆಲೆಸಿದ ಮಲಯಾಳಿಗಳು ಇವರಲ್ಲಿ ಸೇರಿದ್ದಾರೆ. ವಾಟ್ಸಾಪ್ ಪ್ರಾರ್ಥನಾ ಗುಂಪು, ಯೂಟ್ಯೂಬ್ ಸಂದೇಶ, ಜೂಮ್ ಬೈಬಲ್ ಅಧ್ಯಯನಗಳ ಮೂಲಕ ಕನ್ನಡದಲ್ಲಿ ಸೇವೆಗೆ ಇಳಿದವರು ಇವರ ನಡುವೆ ಈಗ ಕಡಿಮೆಯೇನಲ್ಲ. ಆದರೆ ಉತ್ಸಾಹದಿಂದ ಆರಂಭಿಸಿದವರಲ್ಲಿ ಹಲವರು ಕೆಲವೇ ತಿಂಗಳಲ್ಲಿ ಬೇಸತ್ತು ಕೈಬಿಡುತ್ತಾರೆ. ಭಕ್ತಿ ಸಾಲದೆ ಹೀಗಾಗುತ್ತದೆ ಎಂದು ನನಗೆ ಅನಿಸುವುದಿಲ್ಲ. ತಮ್ಮ ಕನ್ನಡ ಹೊರಲಾರದ ಕೆಲಸವನ್ನು ಮೊದಲೇ ಹೆಗಲಿಗೇರಿಸಿಕೊಂಡು, ಅದರ ಫಲವನ್ನು ನೋಡುಗರ ಸಂಖ್ಯೆಯಲ್ಲಿ ಹುಡುಕುವುದರಿಂದಲೇ ಹೆಚ್ಚಿನ ದಣಿವು ಬರುತ್ತದೆ.

ಆದ್ದರಿಂದ ಮೊದಲು ಕೆಲಸವನ್ನು ಆರಿಸಿಕೊಳ್ಳುವುದರಲ್ಲಿ ಎಚ್ಚರವಿರಲಿ. ನೇರಪ್ರಸಾರದಲ್ಲಿ ಪ್ರಸಂಗ ಮಾಡುವುದು ಎಲ್ಲಕ್ಕಿಂತ ಕಷ್ಟದ ಕೆಲಸ, ಏಕೆಂದರೆ ಅಲ್ಲಿ ತಡವರಿಸಲು ಸಮಯವಿಲ್ಲ, ತಿದ್ದಿಕೊಳ್ಳಲು ದಾರಿಯಿಲ್ಲ. ಬರಹದಲ್ಲಿ ಉತ್ತರ ಕೊಡುವ ಕೆಲಸದಲ್ಲಿ ಈ ಎರಡೂ ಇವೆ: ಬಂದ ಪ್ರಾರ್ಥನಾ ವಿನಂತಿಗಳಿಗೆ ಪ್ರತಿಕ್ರಿಯಿಸುವುದು, ಬೈಬಲ್ ಕುರಿತ ಪ್ರಶ್ನೆಗಳಿಗೆ ಉತ್ತರಿಸುವುದು, ಬೇರೆಯವರ ಕನ್ನಡ ಸಂದೇಶಗಳನ್ನು ಕೇಳಿ ಬರಹಕ್ಕಿಳಿಸುವುದು ಇಂಥವು. ಒಂದೆರಡು ವರ್ಷ ಇವುಗಳಲ್ಲೇ ಪಳಗಿದವರು ಆಮೇಲೆ ಧ್ವನಿಮುದ್ರಣಕ್ಕೂ ನೇರಪ್ರಸಾರಕ್ಕೂ ಹೋಗಬಹುದು. ಹೋಗದಿದ್ದರೂ ಸೇವೆಗೆ ಕುಂದಿಲ್ಲ.

ಎರಡನೆಯದಾಗಿ, ವಚನವನ್ನು ನೀವೇ ಅನುವಾದಿಸಬೇಡಿ. ಎದುರಿಗಿರುವವರ ಸಭೆಯಲ್ಲಿ ಓದುವ ಸತ್ಯವೇದದಿಂದಲೇ ಪ್ರತಿ ಮಾಡಿ ಕೊಡಿ. ಪ್ರೊಟೆಸ್ಟೆಂಟ್ ಸಭೆಗಳಲ್ಲಿ ರೂಢಿಯಲ್ಲಿರುವ ಹಳೆಯ ಪಾಠದಲ್ಲಿ ‘ಯೆಹೋವ’, ‘ಸುವಾರ್ತೆ’ ಎಂದಿರುವ ಕಡೆ ಕಥೋಲಿಕರು ಓದುವ ಪಾಠದಲ್ಲಿ ‘ಸರ್ವೇಶ್ವರ’, ‘ಶುಭಸಂದೇಶ’ ಎಂದಿರುತ್ತದೆ. ಯಾವ ಸಭೆಯವರು ಎಂದು ಕೇಳಿಕೊಂಡ ಮೇಲೆಯೇ ವಚನ ಕಳುಹಿಸುವುದು ಒಳ್ಳೆಯದು.

ಉತ್ತರ ಬರೆಯುವ ಬಗೆಯೇ ಈ ಸೇವೆಯ ಜೀವಾಳವಾಗಿರುವುದರಿಂದ ಅದನ್ನು ಸ್ವಲ್ಪ ವಿಸ್ತಾರವಾಗಿ ನೋಡೋಣ. ಬೀದರ್ ಕಡೆಯ ತಾಯಿಯೊಬ್ಬರು “ಮಗಂದು ಕೆಲ್ಸ ಹೋಗ್ಯದ, ಮನ್ಯಾಗ ಸಮಾಧಾನ ಇಲ್ಲ, ಪ್ರಾರ್ಥನಾ ಮಾಡ್ರಿ ಬ್ರದರ್” ಎಂದು ಬರೆದಿದ್ದಾರೆ ಎಂದಿಟ್ಟುಕೊಳ್ಳಿ. ಕನ್ನಡವನ್ನು ಪುಸ್ತಕದಿಂದ ಕಲಿತವರಿಗೆ ತಪ್ಪಾದೀತೆಂಬ ಭಯವಿರುತ್ತದೆ. ಆ ಭಯದಲ್ಲಿ ಅವರು “ತಮ್ಮ ಸುಪುತ್ರರ ಉದ್ಯೋಗನಷ್ಟದ ವಿಷಯವಾಗಿ ದೇವರ ಸನ್ನಿಧಿಯಲ್ಲಿ ವಿಜ್ಞಾಪಿಸಿಕೊಳ್ಳುತ್ತೇವೆ” ಎಂದು ಬರೆದುಬಿಡುತ್ತಾರೆ. ವ್ಯಾಕರಣ ಸರಿಯಾಗಿದೆ, ಆದರೆ ಕಚೇರಿಯಿಂದ ಬಂದ ಕಾಗದದಂತಿದೆ. ಅದರ ಬದಲು “ಅಮ್ಮಾ, ನಿಮ್ಮ ಮಗನ ಹೆಸರು ತಿಳಿಸಿ, ಇವತ್ತು ರಾತ್ರಿಯೇ ಹೆಸರು ಹಿಡಿದು ಪ್ರಾರ್ಥನೆ ಮಾಡುತ್ತೇನೆ. ಮನೆ ಖರ್ಚಿಗೆ ತೊಂದರೆ ಆಗಿದೆಯೇ?” ಎಂದು ಬರೆಯಲು ದೊಡ್ಡ ಶಬ್ದಭಂಡಾರವೇನೂ ಬೇಕಿಲ್ಲ. ಇಲ್ಲಿ ಭಾಷೆ ಸರಳವಾಗಿದೆ, ಕೇಳಿದ ಪ್ರಶ್ನೆ ನಿಜವಾದದ್ದು, ಮುಂದಿನ ಮಾತಿಗೆ ಎಡೆಯೂ ಇದೆ. ಹಾಗೆಂದು ಅವರ ಸೀಮೆಯ ಮಾತನ್ನು ಅನುಕರಿಸಲು ಹೋಗಬಾರದು, ಅದು ಅಣಕದಂತೆ ಕೇಳುತ್ತದೆ. ಹಿರಿಯರಿಗೆ ‘ಅಮ್ಮಾ’, ‘ಅಯ್ಯನವರೇ’, ಕಿರಿಯರಿಗೂ ‘ನೀವು’ ಎಂಬ ನಿಯಮವನ್ನು ಪಾಲಿಸಿದರೆ ಎಡವಟ್ಟು ಆಗುವುದು ಅಪರೂಪ. ಅರ್ಥವಾಗದ ಮಾತು ಬಂದರೆ ಊಹಿಸದೆ ಕೇಳಿಬಿಡಿ. “ನನ್ನ ಮನೆಮಾತು ಕನ್ನಡವಲ್ಲ, ಇದನ್ನು ಇನ್ನೊಮ್ಮೆ ಹೇಳುತ್ತೀರಾ” ಎಂದು ಕೇಳುವವರೊಡನೆ ಜನ ಹೆಚ್ಚು ಮನಬಿಚ್ಚಿ ಮಾತನಾಡುವುದನ್ನು ನಾನು ಕಂಡಿದ್ದೇನೆ.

ನಿಮ್ಮ ತಪ್ಪುಗಳು ಯಾವ ಜಾತಿಯವು ಎಂಬುದನ್ನೂ ಗುರುತಿಸಿಟ್ಟುಕೊಳ್ಳಿ. ಮಲಯಾಳದಲ್ಲಿ ಕ್ರಿಯಾಪದವು ಕರ್ತೃವಿಗೆ ತಕ್ಕಂತೆ ಬದಲಾಗದಿರುವುದರಿಂದ ಮಲಯಾಳಿಗಳು ‘ಅವರು ಬಂತು’ ಎಂಬಂಥ ತಪ್ಪು ಮಾಡುವುದುಂಟು. ತಮಿಳು ಲಿಪಿಯಲ್ಲಿ ಕ–ಗ, ತ–ದ ಬೇರೆ ಬೇರೆ ಅಕ್ಷರಗಳಲ್ಲದ ಕಾರಣ ತಮಿಳರ ಕೈ ಅಲ್ಲಿ ತಪ್ಪುತ್ತದೆ. ಫೋನಿಗೆ ಹೇಳಿ ಬರೆಸಿದ್ದನ್ನಂತೂ ಗಟ್ಟಿಯಾಗಿ ಓದಿ ನೋಡದೆ ಕಳುಹಿಸಲೇಬಾರದು.

ಒಬ್ಬರೇ ಈ ಕೆಲಸ ಮಾಡಬೇಡಿ. 1853ರಲ್ಲಿ ಬಾಸೆಲ್ ಮಿಷನ್ನಿನ ಪರವಾಗಿ ಜರ್ಮನಿಯಿಂದ ಬಂದ ಫರ್ಡಿನಂಡ್ ಕಿಟ್ಟೆಲ್ 1862ರಲ್ಲಿ ಕ್ರಿಸ್ತನ ಚರಿತ್ರೆಯನ್ನು ಕನ್ನಡ ಪದ್ಯದಲ್ಲಿ ‘ಕಥಾಮಾಲೆ’ಯಾಗಿ ಹೊರತಂದರು, 1894ರಲ್ಲಿ ಕನ್ನಡ–ಇಂಗ್ಲಿಷ್ ನಿಘಂಟನ್ನು ಕೊಟ್ಟರು. ಆ ನಿಘಂಟಿನ ಹಿಂದೆಯೂ ಇಲ್ಲಿನ ಪಂಡಿತರ ನೆರವಿತ್ತು. ನಿಮಗೆ ಪಂಡಿತರು ಬೇಕಿಲ್ಲ. ಸಭೆಯಲ್ಲಿ ಕನ್ನಡ ಮನೆಮಾತಾಗಿರುವ ಒಬ್ಬ ಅಕ್ಕನೋ ಅಣ್ಣನೋ ವಾರಕ್ಕೊಮ್ಮೆ ನಿಮ್ಮ ಕೆಲವು ಉತ್ತರಗಳನ್ನು ಓದಿ ತಿದ್ದಿದರೆ ಸಾಕು. ಆದರೆ ಅವರಿಗೆ ತೋರಿಸುವ ಮೊದಲು ಬರೆದವರ ಹೆಸರು, ಊರು, ಫೋನ್ ಸಂಖ್ಯೆಗಳನ್ನು ತೆಗೆದಿರಬೇಕು. ಪ್ರಾರ್ಥನಾ ವಿನಂತಿಯನ್ನು ಕೇಳದೆ ಗುಂಪಿಗೆ ಹಾಕುವುದು ನಂಬಿಕೆದ್ರೋಹ. ಒಂದು ಮನೆಯ ಜಗಳ ಇಡೀ ಸಭೆಗೆ ತಿಳಿದುಹೋಗುವುದು ಹೆಚ್ಚಾಗಿ ಹೀಗೆಯೇ.

ಕೆಲವು ಸಂದೇಶಗಳು ನಿಮ್ಮ ಭಾಷೆಯನ್ನಷ್ಟೇ ಅಲ್ಲ, ನಿಮ್ಮ ಅಧಿಕಾರವನ್ನೂ ಮೀರಿದವು. ಸಾಯುವ ಮಾತನಾಡುವವರೊಂದಿಗೆ ಪ್ರಾರ್ಥಿಸಿ, ಜೊತೆಗೆ ಟೆಲಿ ಮಾನಸ್ ಸಹಾಯವಾಣಿಯ 14416 ಸಂಖ್ಯೆಯನ್ನು ಕೊಡಿ. ಅಲ್ಲಿ ಹಗಲೂ ರಾತ್ರಿ ಕನ್ನಡದಲ್ಲಿಯೂ ಉಚಿತವಾಗಿ ಮಾತನಾಡಬಹುದು. ಪ್ರಾಣಕ್ಕೆ ತಕ್ಷಣದ ಅಪಾಯವಿದ್ದರೆ 112, ಮಕ್ಕಳ ವಿಷಯವಾದರೆ 1098. ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ನಡೆದಿದೆ ಎಂದು ತಿಳಿದುಬಂದರೆ 2012ರ ಪೋಕ್ಸೊ ಕಾಯಿದೆಯಂತೆ ಪೊಲೀಸರಿಗೆ ತಿಳಿಸಲೇಬೇಕು, ಸಭೆಯೊಳಗೇ ಮುಚ್ಚಿಡುವಂತಿಲ್ಲ. ಔಷಧಿ ಬಿಡಿ ಎಂದು ಯಾರಿಗೂ ಹೇಳಬೇಡಿ.

ಇನ್ನು ಸಮಯದ ಮಾತು. ಎರಡನೆಯ ಭಾಷೆಯಲ್ಲಿ ಒಂದು ಗಂಟೆ ಬರೆದರೆ ತಲೆ ಬೇಗ ದಣಿಯುತ್ತದೆ, ದಣಿದ ತಲೆ ಸಿದ್ಧವಾಕ್ಯಗಳನ್ನು ಹುಡುಕುತ್ತದೆ. ದಿನಕ್ಕೆ ಮೂವರಿಗೆ ಮನಸ್ಸಿಟ್ಟು ಉತ್ತರಿಸುವುದು ಮೂವತ್ತು ಮಂದಿಗೆ ಒಂದೇ ವಚನದ ಚಿತ್ರ ಕಳುಹಿಸುವುದಕ್ಕಿಂತ ಮೇಲು ಎಂಬುದು ನನ್ನ ಖಚಿತ ಅಭಿಪ್ರಾಯ. ಮನೆಮಾತಿನ ಪ್ರಾರ್ಥನೆಯನ್ನೂ ಬಿಡಬೇಡಿ: ಸಂಜೆ ಕನ್ನಡದಲ್ಲಿ ಬೇರೆಯವರಿಗಾಗಿ ಪ್ರಾರ್ಥಿಸುವವರು ಬೆಳಿಗ್ಗೆ ತುಳುವಿನಲ್ಲೋ ತಮಿಳಿನಲ್ಲೋ ತಮಗಾಗಿ ಪ್ರಾರ್ಥಿಸಲಿ.

ತೃಪ್ತಿಯನ್ನು ಅಳೆಯಲು ಒಂದು ಸಣ್ಣ ಪುಸ್ತಕ ಇಟ್ಟುಕೊಳ್ಳಿ. ಗುರುತು ಸಿಗದಂತೆ ಒಂದು ಅಕ್ಷರ, ಕೇಳಿದ ವಿಷಯ, ಮತ್ತೆ ಯಾವಾಗ ವಿಚಾರಿಸಬೇಕು ಎಂಬ ದಿನಾಂಕ, ಇಷ್ಟೇ ಅದರಲ್ಲಿರಲಿ. ಹೇಳಿದ ದಿನ ಮರೆಯದೆ “ಮಗನಿಗೆ ಕೆಲಸ ಸಿಕ್ಕಿತೇ ಅಮ್ಮಾ?” ಎಂದು ಕೇಳಿ. ಆ ತಾಯಿಯ ಊರಿನಲ್ಲಿ ಸಭೆಯಿದ್ದರೆ, ಅವರು ಒಪ್ಪಿದ ಮೇಲೆ, ಅಲ್ಲಿನ ಸಭಾಪಾಲಕರಿಗೆ ಪರಿಚಯಿಸಿ. ಆಮೇಲೆ ಅವರಿಂದ ಸಂದೇಶ ಬರುವುದು ನಿಂತರೆ ಹಿಂದೆ ಬಿದ್ದು ವಿಚಾರಿಸಬೇಡಿ, ಪುಸ್ತಕದಲ್ಲಿ ‘ಸಭೆಗೆ ಸೇರಿದರು’ ಎಂದು ಬರೆದುಕೊಂಡು ಮುಂದಿನ ವಿನಂತಿಯನ್ನು ತೆಗೆದುಕೊಳ್ಳಿ.