ಯಾವ ಜಿಸಿಸಿ, ಯಾರ ಜಿಸಿಸಿ?

ನಮ್ಮ ಸಿ++ ಕೋಡ್ ಎರಡು ಕಡೆ ಓಡುತ್ತದೆ: ಎಕ್ಸ್86 ಸರ್ವರ್, ಆರ್ಮ್ ಬೋರ್ಡ್. ಎರಡರಲ್ಲೂ ಡೆಬಿಯನ್ 11 ಲಿನಕ್ಸ್. ಬಿಲ್ಡ್ ಮಾಡುವುದು ಬೇಝಲ್ ಎಂಬ ಟೂಲಿನಲ್ಲಿ. ಯಾವುದಕ್ಕೆ ಯಾವ ಕಂಪೈಲರ್ ಎಂದು ಹೇಳುತ್ತಿದ್ದದ್ದು ಬಂದವರೆಲ್ಲ ಒಂದೊಂದು ಸಾಲು ಸೇರಿಸಿ ಬೆಳೆಸಿದ ಇಫ್-ಎಲ್ಸ್. ಸಿಪಿಯು ಫ್ಲಾಗ್ ಹೀಗಿದ್ದರೆ ಈ ಜಿಸಿಸಿ ಕಂಪೈಲರ್, ಹಾಗಿದ್ದರೆ ಆ ಜಿಸಿಸಿ. ಎರಡೂ ಅವರವರ ಲ್ಯಾಪ್‌ಟಾಪಿನಲ್ಲಿ ಇದ್ದದ್ದೇ.

ಟೀಮಿನ ಹುಡುಗನೊಬ್ಬ ಉಬುಂಟು 22.04 ಹಾಕಿಕೊಂಡ. ಅವತ್ತೇ ಬೋರ್ಡ್ ಹಟ ಹಿಡಿಯಿತು: ಜಿಲಿಬ್‌ಸಿ (ಪ್ರೋಗ್ರಾಮ್‌ಗಳು ಓಡಲು ನೆಚ್ಚುವ ಮೂಲ ಸಿ ಲೈಬ್ರರಿ) 2.34 ಇಲ್ಲ. "ಸರ್, ನಾನು ಕೋಡ್ ಮುಟ್ಟೇ ಇಲ್ಲ" ಅಂದ. ನಿಜವೇ. ಅವನ ಉಬುಂಟುವಿನಲ್ಲಿ 2.35, ಬೋರ್ಡಿನಲ್ಲಿ 2.31. ಮಧ್ಯೆ 2.34 ಯಾಕೆ ಬಂತು ಅಂದರೆ, ಥ್ರೆಡ್‌ಗಳನ್ನು ನೋಡಿಕೊಳ್ಳುವ ಪಿಥ್ರೆಡ್ ಲೈಬ್ರರಿ ಲಿಬ್‌ಸಿಯೊಳಗೆ ಸೇರಿದ್ದು ಆ ಆವೃತ್ತಿಯಲ್ಲಿ. ಜೊತೆಗೆ ಪ್ರೋಗ್ರಾಮ್ ಶುರುಮಾಡುವ ಸಿಂಬಲ್‌ಗೂ ಹೊಸ ವರ್ಷನ್ ಕೊಟ್ಟರು. ಏನೂ ಮಾಡದ ಖಾಲಿ ಮೇನ್ ಕೂಡ 2.34 ಕೇಳುತ್ತದೆ!

ಇಫ್-ಎಲ್ಸ್ ಅಷ್ಟೂ ಕಿತ್ತೆ. ಕಂಪೈಲರನ್ನೂ ಡೆಬಿಯನ್ 11ರ ಸಿಸ್‌ರೂಟನ್ನೂ (ಅದರ ಹೆಡರ್, ಲೈಬ್ರರಿಗಳ ಕಟ್ಟು) ಚೆಕ್‌ಸಮ್ ಸಮೇತ ಡೌನ್‌ಲೋಡ್ ಆಗುವಂತೆ ಬರೆದೆ. ಪ್ರತಿ ಟೂಲ್‌ಚೈನ್ (ಕಂಪೈಲರ್ ಮತ್ತು ಅದರ ಜೊತೆಯ ಟೂಲ್‌ಗಳು) ಈಗ ಎರಡೇ ವಿಷಯ ಹೇಳುತ್ತದೆ: ತಾನು ಎಲ್ಲಿ ಓಡುತ್ತೇನೆ, ಯಾವುದಕ್ಕೆ ಕೋಡ್ ಮಾಡುತ್ತೇನೆ. ಆರಿಸುವ ಕೆಲಸ ಬೇಝಲ್‌ನದು. ಬೇಝಲ್ 7ರಿಂದ ಸಿ++ಗೆ ಇದೇ ಡೀಫಾಲ್ಟ್. ನಾವು 6ರಲ್ಲಿದ್ದೆವು, ಫ್ಲಾಗ್ ಹಾಕಬೇಕಾಯಿತು.

ಮೊದಲ ಪೆಟ್ಟು ನನ್ನದೇ ತಪ್ಪಿಂದ. ಹೆಡರ್ ಹುಟ್ಟಿಸುವ ಪುಟ್ಟ ಪ್ರೋಗ್ರಾಮನ್ನು ಜೆನ್‌ರೂಲ್‌ನ (ಬಿಲ್ಡ್ ನಡುವೆ ಕಮಾಂಡ್ ಓಡಿಸಿ ಫೈಲ್ ಹುಟ್ಟಿಸುವ ಬೇಝಲ್ ನಿಯಮ) ಸೋರ್ಸ್ ಪಟ್ಟಿಗೆ ಹಾಕಿದ್ದೆ. ಅದು ಆರ್ಮ್‌ಗೆ ಕಂಪೈಲ್ ಆಗಿ, ನನ್ನ ಎಕ್ಸ್86 ಲ್ಯಾಪ್‌ಟಾಪಿನಲ್ಲಿ ಓಡಲು ಹೋಗಿ 'ಎಕ್ಸೆಕ್ ಫಾರ್ಮ್ಯಾಟ್ ಎರರ್' ಎಂದು ಬಿತ್ತು. ಬಿಲ್ಡ್ ನಡೆಯುವ ಯಂತ್ರಕ್ಕೇ ಕಂಪೈಲ್ ಆಗುವ ಟೂಲ್ಸ್ ಪಟ್ಟಿಗೆ ಸರಿಸಿದೆ, ಮುಗಿಯಿತು. ಇಂಥ ತಪ್ಪು ನನಗೆ ಇಷ್ಟ, ಕಿರುಚಿಕೊಂಡು ಬೀಳುತ್ತದೆ.

ಎರಡನೆಯದು ಸದ್ದೇ ಮಾಡಲಿಲ್ಲ. ಎಕ್ಸ್86 ಬಿಲ್ಡ್ ಹಸಿರು, ಟೆಸ್ಟೂ ಹಸಿರು. ಸುಮ್ಮನೆ ಅನುಮಾನ ಬಂದು ಬೈನರಿ ಮೇಲೆ, ಒಳಗೇನಿದೆ ಎಂದು ತೋರಿಸುವ ಆಬ್ಜ್‌ಡಂಪ್ ಓಡಿಸಿದರೆ ಮತ್ತದೇ 2.34. ಟೂಲ್‌ಚೈನ್ ಆಯ್ಕೆಯ ಡೀಬಗ್ ಫ್ಲಾಗ್ ಹಾಕಿ ಓದುತ್ತ ಕೂತೆ. ನನ್ನ ಟೂಲ್‌ಚೈನ್‌ಗೆ 'ಡೆಬಿಯನ್ 11 ಲಿಬ್‌ಸಿ' ಎಂಬ ಷರತ್ತು ಹಾಕಿದ್ದೆ. ಪ್ಲಾಟ್‌ಫಾರ್ಮ್ (ಯಾವ ಯಂತ್ರಕ್ಕಾಗಿ ಬಿಲ್ಡ್ ಎಂಬುದು) ಹೇಳದೆ ಬಿಲ್ಡ್ ಮಾಡಿದರೆ ಲ್ಯಾಪ್‌ಟಾಪೇ ಪ್ಲಾಟ್‌ಫಾರ್ಮ್. ಅದಕ್ಕೆ ಆ ಷರತ್ತಿಲ್ಲ. ನನ್ನದನ್ನು ಬಿಟ್ಟು, ಬೇಝಲ್ ತಾನೇ ಹುಡುಕಿಟ್ಟುಕೊಂಡಿದ್ದ ಲೋಕಲ್ ಜಿಸಿಸಿ ಎತ್ತಿಕೊಂಡಿತ್ತು.

ಹಾಗೆ ಹುಡುಕುವುದನ್ನು ನಿಲ್ಲಿಸಲು ಒಂದು ಎನ್ವಿರಾನ್ಮೆಂಟ್ ವೇರಿಯಬಲ್ ಇದೆ, ಅದನ್ನು 1 ಮಾಡಿದೆ. ಮರುದಿನ ಬೆಳಿಗ್ಗೆ ಎಲ್ಲರ ಬಿಲ್ಡ್ 'ಹೊಂದುವ ಟೂಲ್‌ಚೈನ್ ಇಲ್ಲ' ಎಂದು ನಿಂತಿತ್ತು. ಬೈಸಿಕೊಂಡು, ಪ್ಲಾಟ್‌ಫಾರ್ಮ್ ಹೆಸರನ್ನು ಎಲ್ಲರ ಬಿಲ್ಡಿಗೂ ಅನ್ವಯಿಸುವ ಬೇಝಲ್‌ಆರ್‌ಸಿ ಫೈಲಿಗೆ ಹಾಕಿ ಪುಶ್ ಮಾಡಿದೆ.