ಬಾಡಿಗೆ ಕಾರಿನ ಕೌಂಟರಿನಲ್ಲಿ ‘ಬೇಡ’ ಅನ್ನುವುದು

2012ರ ಜೂನ್‌ನಲ್ಲಿ 230 ಡಾಲರಿಗೆ ಬುಕ್ ಮಾಡಿದ್ದ ಕಾರಿಗೆ ನಾನು 840 ಡಾಲರ್ ಕೊಟ್ಟು ಬಂದೆ. ಯಾರೂ ನನ್ನ ಜೇಬಿಗೆ ಕೈ ಹಾಕಲಿಲ್ಲ. ಪ್ರತಿಯೊಂದಕ್ಕೂ ನಾನೇ ಸೈನ್ ಹಾಕಿದ್ದೆ, ನಗುನಗುತ್ತಾ.

ಊರಿಂದ ಅಪ್ಪ ಅಮ್ಮ ಬಂದಿದ್ದರು. ಅಮೆರಿಕಕ್ಕೆ ಬಂದ ಅಪ್ಪ ಅಮ್ಮಂದಿರಿಗೆ ಲಾಸ್ ವೇಗಸ್ ದೀಪ, ಹೂವರ್ ಅಣೆಕಟ್ಟು, ಗ್ರ್ಯಾಂಡ್ ಕ್ಯಾನ್ಯನ್ ತೋರಿಸುವುದು ನಮ್ಮವರಲ್ಲಿ ಒಂದು ಸಂಸ್ಕಾರದ ಹಾಗೆ ಆಗಿಬಿಟ್ಟಿದೆ, ಅಲ್ವಾ? ನಾವು ಐದು ಜನ. ಆರು ದಿನಕ್ಕೆ ಒಂದು ಸಾಧಾರಣ ಸೆಡಾನ್ ಬುಕ್ ಮಾಡಿದ್ದೆ. ವೇಗಸ್‌ನಲ್ಲಿ ವಿಮಾನ ಇಳಿದು, ಬಸ್ ಹತ್ತಿ, ಬಾಡಿಗೆ ಕಾರುಗಳ ದೊಡ್ಡ ಕಟ್ಟಡಕ್ಕೆ ಹೋಗಬೇಕು. ಎಲ್ಲ ಕಂಪನಿಗಳ ಕೌಂಟರೂ ಅಲ್ಲೇ ಸಾಲಾಗಿ ಇವೆ. ಹೊರಗೆ ಬೆಂಕಿ ಬಿಸಿಲು. ಮಗಳಿಗೆ ಆಗ ಆರು ವರ್ಷ, ಸೂಟ್‌ಕೇಸಿನ ಮೇಲೆ ಕೂತು ಹಸಿವು ಅನ್ನುತ್ತಿದ್ದಳು. ಮುಕ್ಕಾಲು ಗಂಟೆ ಸಾಲಿನಲ್ಲಿ ನಿಂತ ಮೇಲೆ ಕೌಂಟರಿನ ಹುಡುಗ ನಕ್ಕು, ‘ತಂದೆ ತಾಯಿ ಜೊತೆಗಾ? ಎಷ್ಟು ಒಳ್ಳೆಯ ಮಗ’ ಅಂದ. ನಾನು ಅಲ್ಲೇ ಕರಗಿಹೋದೆ.

ಆಮೇಲೆ ಶುರುವಾಯಿತು. ‘ಈ ಕಾರಿನಲ್ಲಿ ಇಷ್ಟು ಜನ, ಇಷ್ಟು ಸಾಮಾನು ಹೇಗೆ? ಗ್ರ್ಯಾಂಡ್ ಕ್ಯಾನ್ಯನ್ ದಾರಿ ಏರು ಬೇರೆ. ದೊಡ್ಡ ಎಸ್‌ಯುವಿ ಇದೆ, ಬರೀ 25 ಡಾಲರ್ ಜಾಸ್ತಿ.’ ಆ 25 ದಿನಕ್ಕೆ ಅನ್ನುವುದು ನನ್ನ ಕಿವಿಗೆ ಬಿತ್ತು, ತಲೆಗೆ ಹೋಗಲಿಲ್ಲ. ಇನ್ನು ಆ ಏರು. ಕ್ಯಾನ್ಯನ್‌ನ ದಕ್ಷಿಣ ಅಂಚು ಸುಮಾರು 7,000 ಅಡಿ ಎತ್ತರದಲ್ಲಿದೆ, ನಿಜ. ಆದರೆ ದಾರಿ ಪೂರ್ತಿ ನುಣ್ಣಗಿನ ಟಾರು ರಸ್ತೆ. ಮಾರುತಿ 800ರಲ್ಲಿ ಆರು ಜನ ತುಂಬಿಕೊಂಡು ಆಗುಂಬೆ ಘಾಟಿ ಹತ್ತಿದ ತೀರ್ಥಹಳ್ಳಿ ಕಡೆಯವನು ನಾನು. ಆ ಹುಡುಗ ಏರು ಅಂದಾಗ ನನಗೆ ನಗು ಬರಬೇಕಿತ್ತು. ಬರಲಿಲ್ಲ. ಹೌದಲ್ವಾ, ಅಪ್ಪನಿಗೆ ಕಾಲು ನೋವು ಅಂದುಕೊಂಡೆ.

ಆಮೇಲೆ ಗಾಡಿಗೆ ಏನಾದರೂ ಆದರೆ ಅಂತ ದಿನಕ್ಕೆ 30. ಬೇರೆಯವರಿಗೆ ಏನಾದರೂ ಆದರೆ ಅಂತ 15. ದಾರಿಯಲ್ಲಿ ಕೆಟ್ಟು ನಿಂತರೆ ಅಂತ 7. ಪೆಟ್ರೋಲ್ ತುಂಬಿಸುವ ರಗಳೆಯೇ ಬೇಡ ಅಂತ ಒಂದು ಟ್ಯಾಂಕಿನ ದುಡ್ಡು ಮೊದಲೇ. ಪರದೆಯ ಮೇಲೆ ‘ಇಲ್ಲಿ, ಇಲ್ಲಿ, ಇಲ್ಲಿ’ ಅಂದ. ಹಾಕಿದೆ.

ಪಾರ್ಕಿಂಗ್‌ನಲ್ಲಿ ಗಾಡಿ ನೋಡಿ ಅಮ್ಮ ಅಂದಳು: ‘ಇದೆಂಥ ಮಾರಾಯಾ, ಕಾರೋ ಲಾರಿಯೋ?’ ಸೀರೆ ಉಟ್ಟುಕೊಂಡು ಅದನ್ನು ಹತ್ತುವುದು ಅವಳ ಕೈಲಿ ಆಗಲೇ ಇಲ್ಲ. ಹತ್ತಿರದ ಅಂಗಡಿಯಲ್ಲಿ ಪ್ಲಾಸ್ಟಿಕ್ ಸ್ಟೂಲ್ ಕೊಂಡೆವು. ಅಮ್ಮ ಅದಕ್ಕೆ ಮಣೆ ಅಂತ ಹೆಸರಿಟ್ಟಳು. ಆರು ದಿನವೂ ನಿಂತ ಕಡೆಯೆಲ್ಲ ನಾನು ಮಣೆ ಹಾಕುವುದು, ಅವಳು ಇಳಿಯುವುದು. ಅಪ್ಪ ಅಮ್ಮನ ಸುಖಕ್ಕೆ ಅಂತಲೇ ದುಡ್ಡು ಸುರಿದದ್ದು ನೋಡಿ.

ಕೊನೆಗೆ ಅರ್ಧ ಟ್ಯಾಂಕ್ ಪೆಟ್ರೋಲ್ ಇದ್ದ ಹಾಗೇ ಗಾಡಿ ವಾಪಸ್ ಕೊಟ್ಟೆ. ದೊಡ್ಡ ಎಸ್‌ಯುವಿಯ ಟ್ಯಾಂಕ್ 26 ಗ್ಯಾಲನ್ ಹಿಡಿಯುತ್ತದೆ, ಒಂದು ಗ್ಯಾಲನ್ ಅಂದರೆ ಹತ್ತಿರ ಹತ್ತಿರ 3.8 ಲೀಟರ್. ಸುಮಾರು 50 ಲೀಟರ್ ಪೆಟ್ರೋಲ್ ದಾನ ಮಾಡಿ ಬಂದ ಹಾಗಾಯಿತು. ಆ ಟ್ಯಾಂಕಿನ ಲೆಕ್ಕದಲ್ಲಿ ಗೆಲ್ಲಬೇಕಾದರೆ ಗಾಡಿಯನ್ನು ಖಾಲಿ ಟ್ಯಾಂಕಿನಲ್ಲಿ ತಳ್ಳಿಕೊಂಡು ಹೋಗಿ ಕೊಡಬೇಕು. ಸುಮ್ನೆ ವಿಮಾನ ನಿಲ್ದಾಣದಿಂದ ನಾಲ್ಕೈದು ಮೈಲಿ ಆಚೆ ತುಂಬಿಸಿ, ಬಿಲ್ ಇಟ್ಟುಕೊಳ್ಳಿ. ತೀರ ಹತ್ತಿರದ ಬಂಕುಗಳಲ್ಲಿ ರೇಟು ಜಾಸ್ತಿ ಇರುತ್ತದೆ.

ಎಲ್ಲಕ್ಕಿಂತ ಹೊಟ್ಟೆ ಉರಿದದ್ದು ಇನ್ಶೂರೆನ್ಸ್ ವಿಷಯದಲ್ಲಿ. ಮನೆಯಲ್ಲಿ ನನ್ನ ಸ್ವಂತ ಕಾರಿಗೆ ಪೂರ್ತಿ ಇನ್ಶೂರೆನ್ಸ್ ಇತ್ತು. ಇಲ್ಲಿನ ಸಾಮಾನ್ಯ ಪಾಲಿಸಿಗಳು ಈ ದೇಶದೊಳಗೆ ನೀವು ಓಡಿಸುವ ಬಾಡಿಗೆ ಕಾರಿಗೂ ಅನ್ವಯ ಆಗುತ್ತವೆ. ನನ್ನದೂ ಆಗುತ್ತಿತ್ತು. ಅದರ ಮೇಲೆ ನನ್ನ ಕ್ರೆಡಿಟ್ ಕಾರ್ಡಿನಲ್ಲೂ ಬಾಡಿಗೆ ಗಾಡಿಯ ಹಾನಿ ತುಂಬಿಕೊಡುವ ಸೌಲಭ್ಯ ಇತ್ತು. ಅದಕ್ಕೆ ಎರಡು ಷರತ್ತು: ಬಾಡಿಗೆ ಪೂರ್ತಿ ಅದೇ ಕಾರ್ಡಿನಲ್ಲಿ ಕಟ್ಟಬೇಕು, ಕೌಂಟರಿನಲ್ಲಿ ಮಾರುವ ಗಾಡಿ ಹಾನಿಯ ರಕ್ಷಣೆಯನ್ನು ಬೇಡ ಅಂದಿರಬೇಕು. ನಾನು ಬೇಕು ಅಂದಿದ್ದೆ. ಒಂದೇ ತಲೆಗೆ ಮೂರು ಪೇಟ, ಅದರಲ್ಲಿ ಒಂದಕ್ಕೆ ದಿನಕ್ಕೆ 30 ಡಾಲರ್ ಬಾಡಿಗೆ.

ಹಾಗಂತ ಎಲ್ಲವನ್ನೂ ಬೇಡ ಅನ್ನಬೇಡಿ. ಮೊನ್ನೆ ಮೊನ್ನೆ ಬಂದವರು, ಇನ್ನೂ ಸ್ವಂತ ಕಾರಿಲ್ಲದವರು ಇದನ್ನು ಗಮನವಿಟ್ಟು ಓದಿ. ಕ್ರೆಡಿಟ್ ಕಾರ್ಡ್ ಕೊಡುವುದು ಆ ಗಾಡಿಗಾದ ಹಾನಿಗೆ ಮಾತ್ರ. ನೀವು ಬೇರೆಯವರಿಗೆ ಗುದ್ದಿದರೆ ಅದು ಪೈಸೆ ಕೊಡುವುದಿಲ್ಲ. ಕ್ಯಾಲಿಫೋರ್ನಿಯಾದಲ್ಲಿ ಕಾನೂನು ಕೇಳುವ ಕನಿಷ್ಠ ರಕ್ಷಣೆಯೇ 2025ರಿಂದ ಒಬ್ಬರಿಗೆ ಪೆಟ್ಟಾದರೆ 30,000 ಡಾಲರ್, ಒಂದು ಅಪಘಾತಕ್ಕೆ ಒಟ್ಟು 60,000, ಆಸ್ತಿ ಹಾನಿಗೆ 15,000. ಇಲ್ಲಿನ ಆಸ್ಪತ್ರೆ ಬಿಲ್ ಒಂದು ಸಲ ನೋಡಿದವರಿಗೆ ಈ ಮೊತ್ತವೂ ಕಡಿಮೆ ಅನ್ನಿಸುತ್ತದೆ. ನಿಮ್ಮ ಹೆಸರಿನಲ್ಲಿ ಯಾವ ಕಾರ್ ಪಾಲಿಸಿಯೂ ಇಲ್ಲದಿದ್ದರೆ, ಬೇರೆಯವರಿಗಾದ ನಷ್ಟ ತುಂಬುವ ಆ ಒಂದನ್ನು ಕೊಳ್ಳಿ. ಅಲ್ಲಿ ಜಿಪುಣತನ ಬೇಡ. ಕಾರ್ಡಿನವರಿಗೂ ಹೊರಡುವ ಮುಂಚೆ ಒಂದು ಫೋನ್ ಮಾಡಿ. ಕೆಲವು ಕಾರ್ಡ್ ಮೊದಲು ತಾನೇ ಕೊಡುತ್ತದೆ, ಕೆಲವು ನಿಮ್ಮ ಪಾಲಿಸಿ ಕೊಟ್ಟು ಮಿಕ್ಕಿದ್ದನ್ನು ಮಾತ್ರ, ಕೆಲವು ಏನೂ ಇಲ್ಲ. ಕೌಂಟರಿನಲ್ಲಿ ನಿಂತು ಇದನ್ನೆಲ್ಲ ಯೋಚಿಸಲು ಆಗುವುದಿಲ್ಲ.

ಕಾಗದ ಪತ್ರದ ವಿಷಯ: ಲೈಸೆನ್ಸ್, ನಿಮ್ಮದೇ ಹೆಸರಿನ ಕ್ರೆಡಿಟ್ ಕಾರ್ಡ್, ಊರಿನ ಲೈಸೆನ್ಸಿನಲ್ಲೇ ಓಡಿಸುವುದಾದರೆ ಜೊತೆಗೆ ಆರ್‌ಟಿಒದಿಂದ ತಂದ ಅಂತರರಾಷ್ಟ್ರೀಯ ಪರವಾನಗಿ. ಡೆಬಿಟ್ ಕಾರ್ಡ್ ಆದರೆ ತಕರಾರು ಜಾಸ್ತಿ. ಇಪ್ಪತ್ತೈದು ತುಂಬದವರಿಗೆ ದಿನಕ್ಕೆ ಇಷ್ಟು ಅಂತ ಹೆಚ್ಚಿನ ಬಾಡಿಗೆ. ಅಷ್ಟೇ.

ಈಗ ನನಗೆ ಅರ್ಥವಾಗಲು ವರ್ಷಗಳೇ ಹಿಡಿದ ವಿಷಯಕ್ಕೆ ಬರುತ್ತೇನೆ. ನಾನೇನು ದಡ್ಡನಲ್ಲ. ಮೆಜೆಸ್ಟಿಕ್‌ನಲ್ಲಿ ರಾತ್ರಿ ಹನ್ನೊಂದಕ್ಕೆ ಬಸ್ ಇಳಿದು, ಒನ್ ಅಂಡ್ ಹಾಫ್ ಕೇಳುವ ಆಟೋದವರ ಜೊತೆ ಜಗಳ ಆಡಿದವನು. ಇಲ್ಲಿ ಯಾಕೆ ಬಾಯಿ ಕಟ್ಟಿತು?

ಯಾಕೆಂದರೆ ಆಟೋದವರು ನಮಗೆ ಉಪಚಾರ ಮಾಡುವುದಿಲ್ಲ. ಈ ಹುಡುಗ ಮಾಡಿದ. ಉಪಚಾರಕ್ಕೆ ಬೇಡ ಅನ್ನಲು ನಮಗೆ ಒಂದೇ ರೀತಿ ಗೊತ್ತು: ಮೆತ್ತಗೆ, ಕಾರಣ ಸಮೇತ. ‘ಇಲ್ಲ ಅಕ್ಕ, ಈಗಷ್ಟೇ ತಿಂಡಿ ತಿಂದು ಬಂದೆ.’ ಅದಕ್ಕೆ ಅಕ್ಕ, ‘ಅಯ್ಯೋ, ತಿಂಡಿ ಎಷ್ಟು ಹೊತ್ತು ಇರುತ್ತೆ, ಒಂದೇ ಒಂದು ದೋಸೆ’ ಅನ್ನುತ್ತಾರೆ. ನಾವು ಕೂರುತ್ತೇವೆ. ನಮ್ಮ ಮನೆಗಳಲ್ಲಿ ಮೊದಲ ಬೇಡ ಅಂದರೆ ಇನ್ನೊಂದು ಸಲ ಕೇಳಿ ಅಂತ ಅರ್ಥ. ಎರಡನೆಯದು ಅರ್ಧ ಒಪ್ಪಿಗೆ.

ಕೌಂಟರಿನಲ್ಲೂ ನಾನು ಮಾಡಿದ್ದು ಅದೇ. ‘ಬೇಡ, ನಮ್ಮ ಸಾಮಾನು ಕಡಿಮೆ’ ಅಂದೆ. ಅವನು ಸಾಮಾನು ಎಣಿಸಿದ. ‘ನನಗೆ ಇನ್ಶೂರೆನ್ಸ್ ಇದೆ ಅನ್ನಿಸುತ್ತೆ’ ಅಂದೆ. ‘ನಿಮ್ಮ ಡಿಡಕ್ಟಿಬಲ್, ಅಂದರೆ ಇನ್ಶೂರೆನ್ಸ್ ಕೊಡುವ ಮೊದಲು ನೀವೇ ಕೈಯಿಂದ ಹಾಕಬೇಕಾದ ದುಡ್ಡು, ಎಷ್ಟು? ರಿಪೇರಿ ಆಗುವಷ್ಟು ದಿನ ನಮ್ಮ ಗಾಡಿ ಸುಮ್ಮನೆ ನಿಂತರೆ ಆ ನಷ್ಟ ಯಾರು ಕೊಡುತ್ತಾರೆ?’ ಅಂದ. ಒಳ್ಳೆಯ ಪ್ರಶ್ನೆಯೇ, ನನ್ನ ಹತ್ತಿರ ಉತ್ತರ ಇರಲಿಲ್ಲ. ಪ್ರತಿ ಕಾರಣವೂ ಅವನಿಗೆ ಒಂದು ಬಾಗಿಲು. ಕೌಂಟರಿನಲ್ಲಿ ನಿಂತವರಿಗೆ ಬಹಳ ಕಡೆ ಮಾರಿದ್ದರ ಮೇಲೆ ಕಮಿಷನ್ ಇರುತ್ತದೆ, ದಿನವಿಡೀ ಅವರು ಕೇಳುವುದು ಇವೇ ನಾಲ್ಕು ಕಾರಣ. ದಾಕ್ಷಿಣ್ಯಕ್ಕೆ ಬಸಿರಾದ ಗಾದೆ ನಿಮಗೆ ಗೊತ್ತೇ ಇದೆ, ಬಿಡಿಸಿ ಹೇಳುವುದಿಲ್ಲ.

ಆದ್ದರಿಂದ ಕಾರಣ ಕೊಡಬೇಡಿ. ‘ನೋ, ಥ್ಯಾಂಕ್ಯೂ. ಬುಕ್ ಮಾಡಿದ್ದೇ ಸಾಕು.’ ನಕ್ಕು ಹೇಳಿ, ಸುಮ್ಮನಿರಿ. ಆ ಮೌನ ನಮಗೆ ತುಂಬಾ ಕಷ್ಟ. ನಾಲಿಗೆ ತುರಿಸುತ್ತದೆ. ಮತ್ತೆ ಕೇಳಿದರೆ ಅದೇ ವಾಕ್ಯ, ಅದೇ ನಗು. ಸೈನ್ ಮಾಡುವ ಮುಂಚೆ ಒಂದೇ ಪ್ರಶ್ನೆ: ‘ಟ್ಯಾಕ್ಸ್ ಎಲ್ಲ ಸೇರಿ, ವಾಪಸ್ ಕೊಡುವ ದಿನ ಒಟ್ಟು ಎಷ್ಟು?’ ಆ ಅಂಕಿ ನಿಮ್ಮ ಬುಕಿಂಗಿನಲ್ಲಿ ಇರುವುದಕ್ಕಿಂತ ಜಾಸ್ತಿ ಇದ್ದರೆ ಪೆನ್ನು ಕೆಳಗಿಡಿ. ಪರದೆಯಲ್ಲಿ ಅಕ್ಸೆಪ್ಟ್ ಯಾವುದು, ಡಿಕ್ಲೈನ್ ಯಾವುದು ಓದಿ. ಹಿಂದೆ ಸಾಲು ಬೆಳೆಯುತ್ತಿದೆ ಅಂತ ನಾಚಿಕೆ ಪಡಬೇಡಿ, ನೀವೂ ನಿಂತೇ ಬಂದಿದ್ದೀರಿ.

ಇನ್ನೊಂದು ಗುಟ್ಟು. ‘ಬರೀ 20 ಡಾಲರಿಗೆ ದೊಡ್ಡ ಗಾಡಿ’ ಅಂತ ಅವರೇ ಮೇಲೆ ಬಿದ್ದು ಹೇಳುವಾಗ, ಕೆಲವು ಸಲ ನೀವು ಬುಕ್ ಮಾಡಿದ ಸಣ್ಣ ಗಾಡಿ ಅಲ್ಲಿ ಖಾಲಿಯಾಗಿರುತ್ತದೆ. ಬುಕ್ ಮಾಡಿದ ಗಾಡಿಯೇ ಇಲ್ಲದಿದ್ದಾಗ ಸಾಮಾನ್ಯವಾಗಿ ಅದೇ ಬಾಡಿಗೆಗೆ ಅದಕ್ಕಿಂತ ಮೇಲಿನದನ್ನೇ ಕೊಡುತ್ತಾರೆ. ಕೆಲವು ವರ್ಷಗಳ ನಂತರ ಡೆನ್ವರ್‌ನಲ್ಲಿ ನಾನು ಮೂರು ಸಲ ಬೇಡ ಅಂದೆ. ಆಮೇಲೆ ಕೀಲಿ ತಗೊಂಡು ಹೋಗಿ ನೋಡಿದರೆ, ಅವರು ದುಡ್ಡಿಗೆ ಕೊಡಲು ಬಂದಿದ್ದ ಅದೇ ಗಾಡಿ! ಆವತ್ತಿನ ಕಾಫಿಗೆ ಬೇರೆಯೇ ರುಚಿ ಇತ್ತು. ಈಗಂತೂ ನಾನು ಕೌಂಟರಿಗೇ ಹೋಗುವುದಿಲ್ಲ. ದೊಡ್ಡ ಕಂಪನಿಗಳ ಬಿಟ್ಟಿ ಸದಸ್ಯತ್ವಕ್ಕೆ ಮೊದಲೇ ಸೇರಿದರೆ ಬಹಳ ನಿಲ್ದಾಣಗಳಲ್ಲಿ ನೇರ ಗಾಡಿ ಹತ್ತಿರ ಹೋಗಬಹುದು.

ಅಪ್‌ಗ್ರೇಡ್ ನಿಜವಾಗಿ ಬೇಕಾಗುವ ಜಾಗವೂ ಇದೆ. ಚಳಿಗಾಲದಲ್ಲಿ ಲೇಕ್ ಟಾಹೋಗೆ ಹೋಗುವಾಗ 80ನೇ ಹೆದ್ದಾರಿ ಡಾನರ್ ಸಮಿಟ್ ಹತ್ತಿರ 7,200 ಅಡಿಗೆ ಏರುತ್ತದೆ. ಹಿಮ ಬಿದ್ದ ದಿನ ಚಕ್ರಕ್ಕೆ ಸರಪಳಿ ಕಟ್ಟಿ, ಇಲ್ಲಾ ನಾಲ್ಕೂ ಚಕ್ರ ಎಳೆಯುವ ಗಾಡಿಗೆ ಹಿಮದ ಟೈರ್ ಇರಲಿ ಅಂತ ತಡೆಯುತ್ತಾರೆ. ಬಾಡಿಗೆ ಕಂಪನಿಗಳು ಹೆಚ್ಚಾಗಿ ಸರಪಳಿ ಕಟ್ಟಲು ಬಿಡುವುದಿಲ್ಲ. ಅಲ್ಲಿಗೆ ನಾಲ್ಕೂ ಚಕ್ರ ಎಳೆಯುವ ಗಾಡಿಯನ್ನೇ ತಗೊಳ್ಳಿ. ಆದರೆ ಮನೆಯಲ್ಲಿ ಕೂತು ಬುಕ್ ಮಾಡಿ, ಟೈರ್ ಯಾವುದು ಅಂತ ಕೇಳಿ. ಟೋಲ್ ತಾನಾಗಿ ಕಟ್ಟಲು ಕಂಪನಿಯವರು ದಿನದ ಶುಲ್ಕಕ್ಕೆ ಕೊಡುವ ಪೆಟ್ಟಿಗೆಯನ್ನೂ ಹೀಗೇ ಲೆಕ್ಕ ಹಾಕಿ. ಗೋಲ್ಡನ್ ಗೇಟ್ ಸೇತುವೆಯಲ್ಲಿ 2013ರಿಂದ ನಗದು ತಗೊಳ್ಳುವುದಿಲ್ಲ. ಕ್ಯಾಲಿಫೋರ್ನಿಯಾದಲ್ಲಿ ಟೋಲ್ ಕಟ್ಟುವ ನಿಮ್ಮ ಫಾಸ್ಟ್‌ರಾಕ್ ಖಾತೆಗೆ ಬಾಡಿಗೆ ಗಾಡಿಯ ನಂಬರ್ ಸೇರಿಸಿಕೊಂಡರೆ ಕಂಪನಿಯವರ ದಿನದ ಶುಲ್ಕ ಉಳಿಯುತ್ತದೆ.

ಬೇಡ ಅನ್ನುವುದನ್ನು ನಾನು ಕಲಿತದ್ದು ಮಗಳಿಂದ. ಇಲ್ಲಿನ ಸ್ಕೂಲಿನಲ್ಲಿ ಅದನ್ನು ಚಿಕ್ಕಂದಿನಿಂದಲೇ ಕಲಿಸುತ್ತಾರೆ. ಬೇಡ ಅಂದರೆ ಬೇಡ, ಕಾರಣ ಹೇಳಬೇಕಾಗಿಲ್ಲ. ನನಗೆ ಹೆಮ್ಮೆ. ಆದರೆ ವೇಗಸ್‌ನಿಂದ ವಾಪಸ್ ಬಂದ ವಾರ ಅಮ್ಮ ಕಾಯಿ ಹೋಳಿಗೆ ಮಾಡಿದ್ದಳು. ಎರಡನೆಯದು ಬಡಿಸಲು ಬಗ್ಗಿದಾಗ ಮಗಳು ‘ನೋ, ಥ್ಯಾಂಕ್ಯೂ ಅಜ್ಜಿ’ ಅಂದಳು. ಮುಖದ ತುಂಬ ನಗು, ಒಂದು ಚೂರೂ ತಪ್ಪಿಲ್ಲ. ಅಮ್ಮನ ಕೈ ಎಲೆಯ ಮೇಲೆ ಹಾಗೇ ನಿಂತಿತು. ಆಮೇಲೆ ಅಡುಗೆಮನೆಯಲ್ಲಿ ನನ್ನ ಹತ್ತಿರ, ‘ಮಗು ಎರಡನೇ ಸಲ ಕೇಳುವುದಕ್ಕೇ ಬಿಡುವುದಿಲ್ಲವಲ್ಲೋ’ ಅಂದಳು.

ಅಮ್ಮ ಜಾಣೆ, ಕಲಿತುಕೊಂಡಳು. ಮುಂದಿನ ಸಲ ಬಂದಾಗ ಮೊಮ್ಮಗಳಿಗೆ ಒಂದೇ ಸಲ ಬಡಿಸಿ ಮುಂದಕ್ಕೆ ಹೋದಳು. ಆ ರಾತ್ರಿ ಮಗಳು ನನ್ನ ಕೋಣೆಗೆ ಬಂದು ಇಂಗ್ಲಿಷಿನಲ್ಲಿ ಕೇಳಿದಳು, ‘ಅಜ್ಜಿಗೆ ನನ್ನ ಮೇಲೆ ಕೋಪವಾ? ಇನ್ನೊಂದು ಬೇಕಾ ಅಂತ ನನಗೆ ಮಾತ್ರ ಕೇಳಲೇ ಇಲ್ಲ.’

ಗಾಡಿ ವಾಪಸ್ ಕೊಡುವಾಗ ಹೆಚ್ಚೇನಿಲ್ಲ. ತಗೊಳ್ಳುವಾಗಲೇ ಸುತ್ತಲೂ ಒಂದು ವಿಡಿಯೊ ಮಾಡಿರಿ, ಮುಂದಿನ ಗಾಜು, ಚಕ್ರದ ರಿಮ್ ಸಮೇತ. ಕೊಡುವಾಗ ಮತ್ತೊಂದು, ಪೆಟ್ರೋಲ್ ಮುಳ್ಳು, ಮೈಲಿ ಎರಡೂ ಕಾಣುವ ಹಾಗೆ. ಹೇಳಿದ ಹೊತ್ತಿಗೆ ಕೊಡಿ, ತಡವಾದರೆ ಇನ್ನೊಂದು ದಿನದ ಲೆಕ್ಕ ಬೀಳಬಹುದು. ಕೊನೆಯ ರಸೀತಿ ಕೈಗೆ ಬರುವವರೆಗೆ ಬಸ್ ಹತ್ತಬೇಡಿ.

ಹಿಂದಿನ ಸೀಟುಗಳ ಜೇಬುಗಳಿಗೂ ಕೈ ಹಾಕಿ ನೋಡಿ. ಆವತ್ತು ನಾವು ಆ ಮಣೆಯನ್ನು ನೆನಪಿಟ್ಟು ತಂದೆವು, ಅಮ್ಮನ ಅಡಿಕೆ ಸಂಚಿಯನ್ನು ಮೂರನೇ ಸಾಲಿನಲ್ಲಿ ಬಿಟ್ಟೆವು. ಅವಳಮ್ಮ ಹೊಲಿದು ಕೊಟ್ಟದ್ದು, ಕೆಂಪು ಬಟ್ಟೆಯದು, ಎರಡು ಜೇಬಿನದು. ಎರಡು ದಿನ ಫೋನ್ ಮಾಡಿದೆ. ಅಡಿಕೆ ಅಂದರೆ ಏನು ಅಂತ ಆ ಕಡೆಯವರಿಗೆ ಹೇಳುವುದರಲ್ಲೇ ಅರ್ಧ ಗಂಟೆ ಹೋಯಿತು. ಸಿಗಲಿಲ್ಲ.